ಕೆಂಪು ರಾಟವಾಳ: ಹೆಸರು ಮತ್ತು ನೆಲೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಕೆರೆಯಂಚಿನ ಹುಲ್ಲು ಕೆಂಪು ರಾಟವಾಳಕ್ಕೆ ತಕ್ಕ ನೆಲೆ. ಆಡುಮಾತಿನಲ್ಲಿ ಇಂಥ ಕಾಳುಗುಕ್ಕ ಹಕ್ಕಿಗಳನ್ನೆಲ್ಲ ‘ಗುಬ್ಬಿ’ ಎಂದುಬಿಡುವುದುಂಟು. ಊರಿಗೇ ಆ ಹೆಸರಿರುವಲ್ಲಿ ಇದು ಸಹಜವೇ. ಲಿನೇಯಸ್ 1758ರಲ್ಲಿ ಬಳಸಿದ ‘ಅಮಂಡವ’ ಎಂಬುದಾದರೋ ಅಹಮದಾಬಾದ್ ಎಂಬುದರ ಅಪಭ್ರಂಶ. ಪಂಜರದ ಹಕ್ಕಿಯಾಗಿ ಇದು ಯುರೋಪಿಗೆ ಸಾಗಿದ್ದು ಆ ನಗರದಿಂದ. ಹೀಗೆ ಶಾಸ್ತ್ರನಾಮದಲ್ಲಿ ಉಳಿದಿರುವುದು ಹುಲ್ಲುಗಾವಲಲ್ಲ, ಮಾರುಕಟ್ಟೆ.

ಮಳೆ ಬಿದ್ದು ಹುಲ್ಲು ತೆನೆಗಟ್ಟುವ ಕಾಲಕ್ಕೆ ಗಂಡು ಬಿಳಿಚುಕ್ಕೆಗಳ ಕಡುಗೆಂಪು ಗರಿ ತಳೆಯುತ್ತದೆ. ಅನಂತರ ಹೆಣ್ಣಿನಂತೆಯೇ ಕಂದು. ಬೇಸಗೆಯಲ್ಲಿ ಕಂಡವರು ಇದನ್ನು ಬೇರೆ ಹಕ್ಕಿಯೆಂದು ಬಗೆದರೆ ತಪ್ಪೆನ್ನಲಾಗದು. ಹುಲ್ಲಿನಿಂದಲೇ ಹೆಣೆದ ದುಂಡನೆಯ ಗೂಡು ನೆಲಕ್ಕೆ ಹತ್ತಿರದ ಪೊದೆಯಲ್ಲಿರುತ್ತದೆ. ಆದುದರಿಂದ ಕೆರೆಯಂಚು ಒತ್ತುವರಿಯಾದಲ್ಲಿ ಆಹಾರ, ಗೂಡಿನ ಸಾಮಗ್ರಿ ಎರಡೂ ಒಟ್ಟಿಗೇ ಇಲ್ಲವಾಗುತ್ತವೆ.