ಕುಸಿದ ಕಮಾನು ಪಟ್ಟಿ ಬದಲಿಸುವುದು ಮತ್ತು ವಾಹನದ ಎತ್ತರ ಸರಿಪಡಿಸುವುದು

ತರಕಾರಿ, ಹಾಲು, ಅಡಿಕೆ, ಗೊಬ್ಬರಗಳ ಸಾಗಾಣಿಕೆಗಾಗಿ ಸ್ವಂತ ಪಿಕಪ್ ಅಥವಾ ಜೀಪು ಇಟ್ಟುಕೊಂಡಿರುವ ರೈತರು ಇಂದು ಅನೇಕರಿದ್ದಾರೆ. ಭಾರ ಹೊತ್ತು ಹೊಲದ ದಾರಿಗಳಲ್ಲಿ ಓಡಾಡುವ ಈ ವಾಹನಗಳ ಹಿಂಭಾಗ ಕೆಲವು ವರ್ಷಗಳಲ್ಲಿ ತಗ್ಗುವುದು ಸಾಮಾನ್ಯ. ಆಗ ಕಮಾನು ಪಟ್ಟಿಗೆ ಇನ್ನೊಂದು ಪ್ಲೇಟು ಸೇರಿಸುವ ರೂಢಿ ಹಲವೆಡೆ ಕಂಡುಬರುತ್ತದೆ. ಇದು ಸರಿಯಾದ ಕ್ರಮವಲ್ಲ. ಮೊದಲು ಅಳೆದು, ಕಾರಣ ತಿಳಿದು, ಬಳಿಕವೇ ದುರಸ್ತಿಗೆ ಕೈಹಾಕಬೇಕು.

ಕುಸಿಯಲು ಕಾರಣ

ಕಮಾನು ಪಟ್ಟಿಯ ಉಕ್ಕನ್ನು ಕಾರ್ಖಾನೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಮಿತವಾಗಿ ಕಾಯಿಸಿ ಹದಗೊಳಿಸಿರುತ್ತಾರೆ. ಮಿತಿಮೀರಿದ ಭಾರ ಮತ್ತು ಎಡೆಬಿಡದ ಕುಲುಕಾಟದಿಂದ ಪಟ್ಟಿ ಶಾಶ್ವತವಾಗಿ ಬಾಗಿ ಕಮಾನಿನ ಆಕಾರ ಕಳೆದುಕೊಳ್ಳುತ್ತದೆ. ಆದರೆ ಪ್ಲೇಟು ಮುರಿಯದಿದ್ದಲ್ಲಿ ಅದರ ಬಿಗುವು ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಅಂದರೆ ಕಡಿಮೆಯಾಗಿರುವುದು ಎತ್ತರವೇ ಹೊರತು ಬಿಗುವಲ್ಲ.

ಒಂದೇ ದಪ್ಪದ 6 ಪ್ಲೇಟುಗಳ ಕಟ್ಟಿಗೆ ಏಳನೆಯದನ್ನು ಸೇರಿಸಿದರೆ ಬಿಗುವು ಸುಮಾರು ಆರನೇ ಒಂದು ಭಾಗ ಹೆಚ್ಚುತ್ತದೆ. 7 ಮಿ.ಮೀ. ಬದಲು 8 ಮಿ.ಮೀ. ದಪ್ಪದ ಪ್ಲೇಟು ಹಾಕಿದರೆ ಆ ಪ್ಲೇಟಿನ ಬಿಗುವು ಸುಮಾರು ಒಂದೂವರೆ ಪಟ್ಟಾಗುತ್ತದೆ. ಇದರಿಂದ ಖಾಲಿ ವಾಹನ ಎಗರುತ್ತದೆ. ಟೊಮೆಟೊದಂತಹ ಮೃದು ಫಸಲು ಜಜ್ಜಿಹೋಗುತ್ತದೆ. ಪ್ಲೇಟು ಹೆಚ್ಚಿದ ಮಾತ್ರಕ್ಕೆ ಆಕ್ಸಲ್, ಟೈರು, ಬ್ರೇಕುಗಳ ಸಾಮರ್ಥ್ಯ ಹೆಚ್ಚುವುದಿಲ್ಲ. ನೋಂದಣಿ ಪತ್ರದಲ್ಲಿನ ಭಾರದ ಮಿತಿಯೂ ಬದಲಾಗುವುದಿಲ್ಲ.

ಹಳೆಯ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿಸಿದರೆ ಉಕ್ಕಿನ ಹದ ಕೆಡುತ್ತದೆ. ಮುರಿದ ಪ್ಲೇಟಿಗೆ ವೆಲ್ಡಿಂಗ್ ಮಾಡಿಸುವುದಂತೂ ಅಪಾಯಕರ.

ಎತ್ತರ ಅಳೆಯುವ ವಿಧಾನ

ಖಾಲಿ ವಾಹನವನ್ನು ಸಮತಟ್ಟಾದ ಕಣ ಅಥವಾ ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿರಿ. ಪ್ರತಿ ಗಾಲಿಯ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದಿಡಿ. ನಾಲ್ಕೂ ಅಳತೆಗಳನ್ನು ವಾಹನದ ಕೈಪಿಡಿಯೊಡನೆ ಹೋಲಿಸಿ.

ಹಿಂಭಾಗದ ಒಂದೇ ಬದಿ ತಗ್ಗಿದ್ದರೆ, ಮುಂಭಾಗದ ಅಡ್ಡ ತೊಲೆಯ ನಟ್ಟನಡುವೆ ಜಾಕು ಕೊಟ್ಟು ಮುಂದಿನ ಗಾಲಿಗಳನ್ನು ನೆಲದಿಂದ ತುಸು ಎತ್ತಿ ನೋಡಿ. ಆಗ ಹಿಂಭಾಗ ಸಮವಾದರೆ ದೋಷ ಮುಂದಿನ ಸ್ಪ್ರಿಂಗಿನಲ್ಲಿದೆ ಎಂದು ತಿಳಿಯಬೇಕು.

ಬದಲಿಸುವ ಕ್ರಮ

1. ಎರಡೂ ಬದಿಯ ಪಟ್ಟಿಗಳನ್ನು ಜೊತೆಯಾಗಿಯೇ ಬದಲಿಸಿ. ಹಳೆಯ ಯು ಬೋಲ್ಟುಗಳು ಹಿಗ್ಗಿರುವುದರಿಂದ ಹೊಸದನ್ನೇ ಬಳಸಿ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.

2. ಮುಂದಿನ ಗಾಲಿಗಳಿಗೆ ಎರಡೂ ಕಡೆ ಮರದ ಅಡೆ ಕೊಡಿ. ಗಾಲಿಯ ನಟ್ಟುಗಳನ್ನು ತುಸು ಸಡಿಲಿಸಿ, ಹಿಂಭಾಗವನ್ನು ಎತ್ತಿ, ಚಾಸಿಯ ಕೆಳಗೆ ಎರಡೂ ಬದಿ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡು ಇಟ್ಟು ಗಾಲಿ ಬಿಚ್ಚಿ. ಬರೀ ಜಾಕನ್ನು ನಂಬಿ ವಾಹನದ ಕೆಳಗೆ ಹೋಗಲೇಬಾರದು. ಸೈಜುಗಲ್ಲು, ಇಟ್ಟಿಗೆಗಳು ಭಾರಕ್ಕೆ ಹಠಾತ್ತನೆ ಸೀಳುವುದರಿಂದ ಅವುಗಳ ಆಸರೆ ಪ್ರಾಣಾಪಾಯಕರ.

3. ಆಕ್ಸಲ್‌ಗೆ ಜಾಕು ಆನಿಸಿ ಶಾಕ್ ಅಬ್ಸಾರ್ಬರಿನ ಕೆಳತುದಿ ಬಿಚ್ಚಿ. ಪಟ್ಟಿಯ ಮೇಲಿನ ಬಿಗಿ ಹೋಗುವವರೆಗೆ ಆಕ್ಸಲನ್ನು ನಿಧಾನವಾಗಿ ಇಳಿಸಿ. ಬ್ರೇಕಿನ ರಬ್ಬರ್ ಕೊಳವೆ ಎಳೆಯದಂತೆ ನೋಡಿಕೊಳ್ಳಿ.

4. ಒಮ್ಮೆಗೆ ಒಂದೇ ಬದಿ ಬಿಚ್ಚಿ. ಅನೇಕ ವಾಹನಗಳಲ್ಲಿ ಸೆಂಟರ್ ಬೋಲ್ಟು ಪಟ್ಟಿಯ ಸರಿ ಮಧ್ಯದಲ್ಲಿರುವುದಿಲ್ಲ. ಆದ್ದರಿಂದ ಮುಂದಿನ ತುದಿ ಯಾವುದೆಂದು ಗುರುತು ಮಾಡಿಕೊಂಡು, ಯು ಬೋಲ್ಟು, ಶ್ಯಾಕಲ್, ಮುಂದಿನ ಬೋಲ್ಟುಗಳನ್ನು ಬಿಚ್ಚಿ ಇಬ್ಬರು ಸೇರಿ ಪಟ್ಟಿಯನ್ನು ಕೆಳಗಿಳಿಸಿ.

5. ಹೊಸ ಪಟ್ಟಿಯ ಮುಂದಿನ ತುದಿಯನ್ನು ಮೊದಲು, ಶ್ಯಾಕಲ್ ತುದಿಯನ್ನು ನಂತರ ಜೋಡಿಸಿ, ನಟ್ಟುಗಳನ್ನು ಸಡಿಲವಾಗಿಯೇ ಬಿಡಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಕುಳಿಯಲ್ಲಿ ಸರಿಯಾಗಿ ಕೂರಬೇಕು. ಇಲ್ಲವಾದರೆ ಆಕ್ಸಲ್ ಓರೆಯಾಗುತ್ತದೆ. ಯು ಬೋಲ್ಟಿನ ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಇನ್ನೊಂದು ಬದಿಯನ್ನೂ ಹೀಗೆಯೇ ಬದಲಿಸಿ.

6. ಶಾಕ್ ಅಬ್ಸಾರ್ಬರು ಮತ್ತು ಗಾಲಿಗಳನ್ನು ಜೋಡಿಸಿ, ವಾಹನವನ್ನು ನೆಲಕ್ಕಿಳಿಸಿ, ಹಿಂಭಾಗವನ್ನು ನಾಲ್ಕಾರು ಸಲ ಅದುಮಿ ಬಿಡಿ. ತುದಿಗಳ ಬೋಲ್ಟುಗಳನ್ನು ಈಗ ಮಾತ್ರ ಪೂರ್ತಿ ಬಿಗಿಯಬೇಕು. ವಾಹನ ಮೇಲಿದ್ದಾಗಲೇ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗನೆ ಹರಿಯುತ್ತದೆ, ಎತ್ತರವೂ ಸರಿಯಾಗಿ ಬರುವುದಿಲ್ಲ. ಬಿಗಿತದ ಪ್ರಮಾಣ ಕೈಪಿಡಿಯಲ್ಲಿರುವಂತೆ ಇರಲಿ.

ನಂತರದ ಪರೀಕ್ಷೆಗಳು

ಸುಮಾರು 100 ಕಿ.ಮೀ. ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಹೊಸ ಪಟ್ಟಿ ಮೊದಲು ತುಸು ಎತ್ತರವಿದ್ದು, ಭಾರ ಹೊತ್ತ ಮೇಲೆ ಕೊಂಚ ಕೂರುವುದು ಸಹಜ. ಆದುದರಿಂದ ಕೆಲವು ವಾರಗಳ ಬಳಿಕ ಪುನಃ ಅಳೆದು ಹಳೆಯ ಅಳತೆಗಳ ಪಕ್ಕದಲ್ಲಿ ಬರೆದಿಡಿ. ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆ ಎಂಬುದನ್ನೂ ಪರೀಕ್ಷಿಸಿ.

ಕೆಲವು ಪಿಕಪ್‌ಗಳಲ್ಲಿ ಚಾಸಿ ಮತ್ತು ಆಕ್ಸಲ್ ನಡುವೆ ಸರಳೊಂದರಿಂದ ಕೂಡಿಸಿದ ಬ್ರೇಕ್ ವಾಲ್ವು ಇರುತ್ತದೆ. ಹಿಂಭಾಗ ಎಷ್ಟು ಕೆಳಗಿಳಿದಿದೆ ಎಂಬುದರ ಮೇಲೆ ಅದು ಹಿಂದಿನ ಬ್ರೇಕಿಗೆ ಒತ್ತಡ ಕೊಡುತ್ತದೆ. ಹೆಚ್ಚುವರಿ ಪ್ಲೇಟು ಸೇರಿಸಿ ಹಿಂಭಾಗವನ್ನು ಎತ್ತರಿಸಿದರೆ, ಭಾರ ತುಂಬಿದ್ದರೂ ವಾಹನ ಖಾಲಿಯಿರುವಂತೆ ವಾಲ್ವು ವರ್ತಿಸಿ ಹಿಂದಿನ ಬ್ರೇಕು ದುರ್ಬಲವಾಗುತ್ತದೆ. ಘಾಟಿ ಇಳಿಯುವಾಗ ಇದರ ಪರಿಣಾಮ ಊಹಿಸಬಹುದು. ಪಟ್ಟಿ ಬದಲಿಸಿದ ನಂತರ ಈ ವಾಲ್ವನ್ನು ವರ್ಕ್‌ಶಾಪಿನಲ್ಲಿ ಹೊಂದಿಸಿಕೊಳ್ಳುವುದು ಅಗತ್ಯ.

ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗು ಇದ್ದಲ್ಲಿ ಅದನ್ನು ಮನೆಯಲ್ಲಿ ಬಿಚ್ಚಬಾರದು. ಒತ್ತಿ ಕೂರಿಸಿದ ಸುರುಳಿ ಜಾರಿ ಸಿಡಿದರೆ ಪ್ರಾಣಕ್ಕೇ ಸಂಚಕಾರ. ಆ ಕೆಲಸಕ್ಕೆ ತಕ್ಕ ಸಲಕರಣೆಯುಳ್ಳ ನುರಿತ ಮೆಕ್ಯಾನಿಕರೇ ಬೇಕು.

ಎತ್ತರ ತಗ್ಗಿದ್ದರೆ ಮೂಲ ಅಳತೆಯ ಹೊಸ ಪಟ್ಟಿ ಹಾಕಿ. ಭಾರ ಹೆಚ್ಚಿದ್ದರೆ ಎರಡು ಸಲ ಸಾಗಿಸಿ. ಇದರಿಂದ ವಾಹನದ ಬಾಳಿಕೆ ಹೆಚ್ಚುವುದಲ್ಲದೆ ಫಸಲೂ ಚಾಲಕನೂ ಕ್ಷೇಮವಾಗಿ ಮಾರುಕಟ್ಟೆ ಮುಟ್ಟಲು ಸಾಧ್ಯವಾಗುತ್ತದೆ.