‘ಗರ್ಭಚೀಲ ತೆಗೆಸಿಬಿಡಿ’ ಅನ್ನುವ ಮೊದಲು: ಹೆಣ್ಣಿನ ಹಾರ್ಮೋನು ಮತ್ತು ರೋಗನಿರೋಧಕ ಶಕ್ತಿಯ ನಂಟು

‘ಮಕ್ಕಳಾಗ್ಯಾವ, ಆಪರೇಷನ್ನೂ ಆಗ್ಯಾದ. ಇನ್ನ ಆ ಚೀಲ ಇಟ್ಕೊಂಡು ಏನ್ ಮಾಡಾದದ?’ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿ, ತಾಂಡಾಗಳಲ್ಲಿ ಈ ಮಾತು ಹೊಸದೇನಲ್ಲ. ಬಿಳಿಸೆರಗು, ಹೊಟ್ಟೆನೋವು, ಹೆಚ್ಚು ರಕ್ತಸ್ರಾವ ಅಂತ ಹೋದವರಿಗೆ ‘ಗರ್ಭಚೀಲ ಖರಾಬಾಗ್ಯಾದ, ಮುಂದೆ ಕ್ಯಾನ್ಸರ್ ಆಗ್ತದ’ ಎಂದು ಹೆದರಿಸಿದರೆ, ಬಡವರ ಮನೆಯವರು ಸಾಲ ಮಾಡಿಯಾದರೂ ತೆಗೆಸುತ್ತಾರೆ.

ಇದು ಬರೀ ಊಹೆಯಲ್ಲ. ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಆರೋಪ 2015ರಲ್ಲಿ ದೊಡ್ಡ ಸುದ್ದಿಯಾಯಿತು, ತನಿಖೆಯೂ ನಡೆಯಿತು. ಗಡಿಯಾಚೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರಿ ಸಮಿತಿಯೊಂದು 82,309 ಕಬ್ಬು ಕಡಿಯುವ ಮಹಿಳೆಯರ ಸಮೀಕ್ಷೆ ನಡೆಸಿದಾಗ, 13,861 ಮಂದಿಗೆ ಗರ್ಭಕೋಶವೇ ಇರಲಿಲ್ಲ. ಅಂದರೆ ಆರರಲ್ಲಿ ಒಬ್ಬರಿಗೆ.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ದುಡ್ಡು, ದಂಧೆ, ಕಾನೂನಿನ ಮಾತು ಬರುತ್ತದೆ. ಬರಬೇಕಾದದ್ದೇ. ಆದರೆ ಆಮೇಲೆ ಆ ಹೆಣ್ಣಿನ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ.

ಚೀಲ ಬೇರೆ, ಅಂಡಾಶಯ ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಗರ್ಭಚೀಲ ಮಗು ಬೆಳೆಯುವ ಜಾಗ. ಅದರ ಎರಡೂ ಬದಿಗೆ ಬಾದಾಮಿ ಗಾತ್ರದ ಎರಡು ಅಂಡಾಶಯಗಳಿವೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಮುಖ್ಯವಾಗಿ ತಯಾರಾಗುವುದು ಅಲ್ಲಿ. ಎಷ್ಟೋ ಆಪರೇಷನ್‌ಗಳಲ್ಲಿ ಚೀಲದ ಜೊತೆಗೆ ಇವನ್ನೂ ತೆಗೆದುಬಿಡುತ್ತಾರೆ. ತೆಗೆಸಿಕೊಂಡವರಿಗೆ ಅದು ಗೊತ್ತೂ ಇರುವುದಿಲ್ಲ.

ಈ ಹಾರ್ಮೋನುಗಳ ಕೆಲಸ ಮುಟ್ಟು, ಬಸಿರಿಗಷ್ಟೇ ಮುಗಿಯುವುದಿಲ್ಲ. ನಮ್ಮ ರಕ್ತದಲ್ಲಿ ಕಾವಲು ಕಾಯುವ ಬಿಳಿ ರಕ್ತಕಣಗಳಲ್ಲಿ ಈಸ್ಟ್ರೋಜನ್ನನ್ನು ಗುರುತು ಹಿಡಿಯುವ ಗ್ರಾಹಕಗಳಿವೆ. ರೋಗಾಣುಗಳ ವಿರುದ್ಧ ಪ್ರತಿಕಾಯ ತಯಾರಿಸುವ ಬಿ-ಕಣಗಳಿಗೆ ಈಸ್ಟ್ರೋಜನ್ ಹುರುಪು ಕೊಡುತ್ತದೆ. ಗಂಡಸರಲ್ಲಿ ಹೆಚ್ಚಿರುವ ಟೆಸ್ಟೊಸ್ಟೆರಾನ್ ಬಹುಮಟ್ಟಿಗೆ ಇದಕ್ಕೆ ಉಲ್ಟಾ, ಅದು ಲಗಾಮು ಎಳೆಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫ್ಲೂ ಲಸಿಕೆಗೆ ಹೆಂಗಸರ ದೇಹ ಗಂಡಸರಿಗಿಂತ ಹೆಚ್ಚು ಪ್ರತಿಕಾಯ ತಯಾರಿಸಿತ್ತು. ಟೆಸ್ಟೊಸ್ಟೆರಾನ್ ಹೆಚ್ಚಿದ್ದ ಗಂಡಸರದೇ ಅತಿ ದುರ್ಬಲ ಪ್ರತಿಕ್ರಿಯೆ.

ಆದರೆ ಚುರುಕು ಕಾವಲುಗಾರ ಕೆಲವೊಮ್ಮೆ ಮನೆಯವರನ್ನೇ ಕಳ್ಳರೆಂದು ಹಿಡಿಯುತ್ತಾನೆ. ದೇಹ ತನ್ನ ಮೇಲೆ ತಾನೇ ದಾಳಿ ಮಾಡುವ ಕಾಯಿಲೆಗಳು ಹೆಣ್ಣುಮಕ್ಕಳಲ್ಲೇ ಜಾಸ್ತಿ. ಲೂಪಸ್ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ರುಮಟಾಯ್ಡ್ ಕೀಲುವಾತವೂ ಗಂಡಸರಿಗಿಂತ ಎರಡು-ಮೂರು ಪಟ್ಟು ಹೆಚ್ಚು ಹೆಂಗಸರಿಗೇ ಬರುತ್ತದೆ. ಇದಕ್ಕೆ ಹಾರ್ಮೋನು ಒಂದೇ ಕಾರಣವಲ್ಲ. ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮ್ ಇರುವುದರ ಪಾತ್ರವೂ ದೊಡ್ಡದು.

ಬಸಿರಿನಲ್ಲಿ ಬದಲಾಗುವ ಕಾವಲು

ಹೊಟ್ಟೆಯೊಳಗಿನ ಮಗು ಅರ್ಧ ತಂದೆಯದು, ಅಂದರೆ ತಾಯಿಯ ದೇಹಕ್ಕೆ ಅರ್ಧ ಹೊರಗಿನವರದು. ಅದನ್ನು ಉಳಿಸಿಕೊಳ್ಳಲು ಪ್ರೊಜೆಸ್ಟರಾನ್ ಕಾವಲನ್ನು ತುಸು ಸಡಿಲಗೊಳಿಸುತ್ತದೆ. ಕೀಲುವಾತ ಇರುವ ಅನೇಕರಿಗೆ ಬಸಿರಿನಲ್ಲಿ ನೋವು ತಗ್ಗಿ, ಹೆರಿಗೆಯಾದ ಕೆಲವೇ ತಿಂಗಳಲ್ಲಿ ಮರಳಿ ಬರುವುದಕ್ಕೆ ಇದೂ ಒಂದು ಕಾರಣ. ಈ ತಗ್ಗುವಿಕೆಯನ್ನು 1930ರ ದಶಕದಲ್ಲೇ ಗಮನಿಸಿದ್ದ ಅಮೆರಿಕದ ವೈದ್ಯ ಫಿಲಿಪ್ ಹೆಂಚ್, ಅದರ ಜಾಡು ಹಿಡಿದು ಕಾರ್ಟಿಸೋನ್ ಚಿಕಿತ್ಸೆಯವರೆಗೆ ಬಂದರು. 1950ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು.

ಈ ಬದಲಾವಣೆಗೆ ಬೆಲೆಯೂ ಇದೆ. ಫ್ಲೂ ಗರ್ಭಿಣಿಯರನ್ನು ಹೆಚ್ಚು ಕಾಡುತ್ತದೆ. ಹೊಲಸು ನೀರಿನಿಂದ ಬರುವ ಹೆಪಟೈಟಿಸ್-ಇ ಕಾಮಾಲೆ ಕೊನೆಯ ಮೂರು ತಿಂಗಳ ಗರ್ಭಿಣಿಯರಿಗೆ ಪ್ರಾಣಾಂತಿಕವಾಗಬಹುದು. ಆದ್ದರಿಂದ ಬಸಿರು ಹೆಂಗಸಿನ ಕಣ್ಣು ಹಳದಿಯಾದರೆ ‘ನಾಟಿ ಔಷಧ ಹಾಕ್ಸಿ ನೋಡೋಣ’ ಅಂತ ಕಾಯಬಾರದು.

ಒಮ್ಮೆಲೇ ನಿಂತರೆ?

ಸಹಜವಾಗಿ ಮುಟ್ಟು ನಿಲ್ಲುವಾಗ ಹಾರ್ಮೋನು ವರ್ಷಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ಅಂಡಾಶಯ ತೆಗೆದರೆ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಈಸ್ಟ್ರೋಜನ್ ಇಳಿದಾಗ ಉರಿಯೂತ ಹೆಚ್ಚಿಸುವ ಐಎಲ್-6, ಟಿಎನ್ಎಫ್ ಎಂಬ ರಾಸಾಯನಿಕಗಳು ಏರುತ್ತವೆ. ಇವೇ ಮೂಳೆ ಕರಗಿಸುವ ಕಣಗಳನ್ನು ಕೆರಳಿಸುತ್ತವೆ, ಮೂಳೆ ಟೊಳ್ಳಾಗತೊಡಗುತ್ತದೆ. 45ಕ್ಕಿಂತ ಮೊದಲೇ ಮುಟ್ಟು ನಿಂತವರಲ್ಲಿ ರುಮಟಾಯ್ಡ್ ಕೀಲುವಾತದ ಅಪಾಯ ಹೆಚ್ಚು ಎಂದೂ ಅಧ್ಯಯನಗಳು ಹೇಳುತ್ತವೆ. ಅಂಡಾಶಯ ಉಳಿಸಿ ಚೀಲ ಮಾತ್ರ ತೆಗೆದರೂ, ಕೆಲವರಲ್ಲಿ ಅದು ನಿರೀಕ್ಷೆಗಿಂತ ಬೇಗ ಕೆಲಸ ನಿಲ್ಲಿಸುತ್ತದೆ.

ಇದು ಯಾರಿಗೆ ಹೊರೆ? ಬಗ್ಗಿ ತೊಗರಿ, ಸೋಯಾ ಹೊಲದ ಕಳೆ ತೆಗೆಯುವ, ತಲೆ ಮೇಲೆ ಕಬ್ಬಿನ ಕಂತೆ ಹೊರುವ ಮೂವತ್ತೈದರ ಹೆಣ್ಣುಮಗಳಿಗೆ. ‘ಆಪರೇಷನ್ ಆದಾಗಿಂದ ಸೊಂಟ ಹಿಡಕೊಂಡದ, ಕೈ ಮಡಚಾಕ ಬರವಲ್ದು’ ಎಂಬ ಮಾತನ್ನು ಮೈಗಳ್ಳತನ ಅಂತ ತಳ್ಳಿಹಾಕುವುದು ಕ್ರೌರ್ಯ.

ಹಾಗಂತ ಗರ್ಭಕೋಶ ತೆಗೆಯಲೇಬಾರದು ಅಂತಲ್ಲ. ಕ್ಯಾನ್ಸರ್ ಇದ್ದರೆ, ಬೇರೆ ಯಾವ ಚಿಕಿತ್ಸೆಗೂ ಬಗ್ಗದ ಗಡ್ಡೆ, ರಕ್ತಸ್ರಾವ ಇದ್ದರೆ ಆಪರೇಷನ್ ಜೀವ ಉಳಿಸುತ್ತದೆ. ಆದರೆ ಸೋಂಕಿನಿಂದಾದ ಬಿಳಿಸೆರಗು ಬಹುಪಾಲು ಮಾತ್ರೆಯಲ್ಲೇ ವಾಸಿಯಾಗುತ್ತದೆ. ಹಾಗಾಗಿ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ಬೇರೆ ಚಿಕಿತ್ಸೆ ಇಲ್ಲವೇನ್ರೀ? ಅಂಡಾಶಯ ಉಳಿಸ್ತೀರಾ? ತೆಗೆದರೆ ಮೂಳೆಗೆ, ಹಾರ್ಮೋನಿಗೆ ಮುಂದಿನ ಔಷಧ ಏನು? ಸಾಧ್ಯವಾದರೆ ತಾಲೂಕು ಆಸ್ಪತ್ರೆಯಲ್ಲಿ ಇಲ್ಲವೇ ಬೀದರ್‌ನ ಬ್ರಿಮ್ಸ್‌ನಲ್ಲಿ ಇನ್ನೊಬ್ಬ ವೈದ್ಯರಿಗೆ ತೋರಿಸಿ.

ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅದನ್ನು ಜಾರಿ ಮಾಡಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಿಲ್ಲಾ ಮಟ್ಟದಲ್ಲಿ ನಿಗಾ ಸಮಿತಿ ಇರಬೇಕು ಎಂಬುದೂ ಅದರಲ್ಲಿದೆ. ನಮ್ಮ ಜಿಲ್ಲೆಯ ಸಮಿತಿ ಎಷ್ಟು ಸಲ ಸೇರಿದೆ, ಎಷ್ಟು ಪ್ರಕರಣ ಪರಿಶೀಲಿಸಿದೆ ಎಂದು ಕೇಳುವ ಹಕ್ಕು ನಮಗಿದೆ.

ಒಂಬೈನೂರು ವರ್ಷಗಳ ಹಿಂದೆ ಇದೇ ಕಲ್ಯಾಣದಲ್ಲಿ ಶರಣರು ಮುಟ್ಟಿನ ಸೂತಕವನ್ನು ಒಪ್ಪಲಿಲ್ಲ. ಹೆಣ್ಣಿನ ದೇಹ ಮೈಲಿಗೆಯಲ್ಲ ಅಂದರು. ಅದು ಹೆತ್ತಾದ ಮೇಲೆ ಬಿಸಾಕುವ ಚೀಲವೂ ಅಲ್ಲ ಅನ್ನುವ ಮಾತನ್ನು ಈಗ ನಾವು ಸೇರಿಸಬೇಕಿದೆ.