ಉಪ್ಪಿನ ಪುಟ್ಟ ಗೊಂಚಲುಗಳು

ಆರಿದ್ರೆ ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಉಪ್ಪಿನ ಮರಿಗೆಗೆ ನೀರೊಡೆಯುತ್ತದೆ. ಒಲೆಯ ಮಗ್ಗುಲಲ್ಲಿಟ್ಟರೂ ಕಲ್ಲುಪ್ಪು ಬೆವರುವುದು ತಪ್ಪದು. ಇದರ ಅಪವಾದವನ್ನೆಲ್ಲ ಸೋಡಿಯಂ ಕ್ಲೋರೈಡಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಶುದ್ಧ ಸೋಡಿಯಂ ಕ್ಲೋರೈಡು ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ನ್ನು ಮುಟ್ಟುವವರೆಗೆ ನೀರಾಗುವುದಿಲ್ಲ. ಸಮುದ್ರದ ಉಪ್ಪಿನೊಡನೆ ಬೆರೆತು ಘಟ್ಟವೇರಿ ಬರುವ ಮೆಗ್ನೀಸಿಯಂ ಕ್ಲೋರೈಡಿಗಾದರೋ ಶೇಕಡ 33 ಸಾಕು. ಮಳೆ ನಿಂತ ಮೇಲೂ ಕಲ್ಲುಪ್ಪು ಕೈಗೆ ತೇವವಾಗಿ ತಾಕುವುದು ಇದರ ದೆಸೆಯಿಂದ.

ಮೆಗ್ನೀಸಿಯಂ ಅಯಾನು ಗಾತ್ರದಲ್ಲಿ ಕಿರಿದು, ಅದರ ಧನ ವಿದ್ಯುದಂಶವಾದರೋ ಇಮ್ಮಡಿ. ನೀರಿನ ಅಣು ಹತ್ತಿರ ಸುಳಿದರೆ ಅದರ ಎಲೆಕ್ಟ್ರಾನುಗಳ ಮೋಡವನ್ನು ಅದು ತನ್ನ ಕಡೆಗೆ ಸೆಳೆದು ವಾಲಿಸಿಬಿಡುತ್ತದೆ. ಹೀಗೆ ನೆರೆಯ ವಿದ್ಯುದಂಶಕ್ಕೆ ಮಣಿದು ವಾಲುವ ಗುಣಕ್ಕೆ ಧ್ರುವೀಕರಣಶೀಲತೆ ಎಂದು ಹೆಸರು. ನೀರಿನ ಅಣುವಿಗೆ ಇರುವ ಈ ಗುಣ ಉಪ್ಪಿನ ಅಯಾನುಗಳಿಗೂ ಉಂಟಲ್ಲವೆ? ಉಂಟು. ಆದರೆ ನಮ್ಮ ಪಠ್ಯಪುಸ್ತಕಗಳು ಅಯಾನುಗಳನ್ನು ಗೋಲಿಗಳಂತೆ ಗಟ್ಟಿಯಾದ ಗುಂಡುಗಳೆಂದು ಚಿತ್ರಿಸಿ ಸುಮ್ಮನಾಗುತ್ತವೆ.

ಸೋಡಿಯಂ ಅಯಾನು ಹೆಚ್ಚುಕಡಿಮೆ ಗೋಲಿಯೇ ಸರಿ. ಹನ್ನೊಂದು ಪ್ರೋಟಾನುಗಳು ಹತ್ತೇ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಅದು ಸುಲಭವಾಗಿ ಮಣಿಯದು. ಕ್ಲೋರೈಡು ಅಯಾನು ಅದಕ್ಕಿಂತ ಹತ್ತಾರು ಪಾಲು ಮೆದು. ಅಯೊಡೈಡು ಇನ್ನೂ ಮೆದು. ಸಣ್ಣ ಧನ ಅಯಾನು ದೊಡ್ಡ ಋಣ ಅಯಾನಿನ ಮೋಡವನ್ನು ಹೆಚ್ಚು ವಿರೂಪಗೊಳಿಸುತ್ತದೆಂಬ ನಿಯಮವನ್ನು ಕಾಸಿಮಿರ್ ಫಾಯಾನ್ಸ್ 1923ರಲ್ಲಿ ಮುಂದಿಟ್ಟನು.

ಹಾಗಿದ್ದರೆ ಉಪ್ಪಿನ ಹರಳಿನಲ್ಲಿ ಈ ವಾಲುವಿಕೆ ಏಕೆ ಕಾಣದು? ಅಲ್ಲಿ ಪ್ರತಿಯೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂಗಳು ಆರು ದಿಕ್ಕಿನಿಂದಲೂ ಸಮನಾಗಿ ಸೆಳೆಯುತ್ತವೆ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಮೋಡ ಯಾವ ಕಡೆಗೂ ವಾಲದು. ಇದೇ ಸಮಾಂಗತೆಯ ಇನ್ನೊಂದು ಫಲವು ರಾಮನ್ ಪರಿಣಾಮದಲ್ಲಿ ಕಂಡುಬರುತ್ತದೆ. ಅಣು ಕಂಪಿಸುವಾಗ ಅದರ ಧ್ರುವೀಕರಣಶೀಲತೆ ಬದಲಾಗುವುದೇ 1928ರಲ್ಲಿ ಕಂಡುಹಿಡಿದ ಆ ಪರಿಣಾಮದ ಮೂಲ. ಕಲ್ಲುಪ್ಪಿನ ಹರಳಿನಲ್ಲಿ ಒಂದು ಕಡೆಯ ಏರಿಕೆಯನ್ನು ಇನ್ನೊಂದು ಕಡೆಯ ಇಳಿಕೆ ಅಳಿಸಿಹಾಕುವುದರಿಂದ ಮೊದಲನೆಯ ದರ್ಜೆಯ ರಾಮನ್ ರೇಖೆಗಳೇ ಅಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ಎಸ್. ಕೃಷ್ಣನ್ ಅವರು 1940ರ ದಶಕದಲ್ಲಿ ಪಾದರಸದ ಅತಿನೇರಳೆ ಬೆಳಕನ್ನು ಬಳಸಿ ಹಿಡಿದದ್ದು ಎರಡನೆಯ ದರ್ಜೆಯ ಮಂದವಾದ ವರ್ಣಪಟಲವನ್ನು.

ಸಮಾಂಗತೆಯ ಈ ತೆರೆಯನ್ನು ಸರಿಸಬೇಕಾದರೆ ಹರಳನ್ನು ಒಡೆಯಬೇಕು, ಅದೂ ಒನಕೆಯಿಂದಲ್ಲ. ಉಪ್ಪನ್ನು ಕುಲುಮೆಯಲ್ಲಿ ಕಾಸಿ ಆವಿಯಾಗಿಸಿದರೆ ಒಂದು ಸೋಡಿಯಂ, ಒಂದು ಕ್ಲೋರೀನು ಮಾತ್ರವಿರುವ ಒಂಟಿ ಅಣುಗಳೂ, ಎರಡು ಮೂರು ಜೋಡಿಗಳ ಗೊಂಚಲುಗಳೂ ಹೊರಡುತ್ತವೆ. ಹರಳಿನಲ್ಲಿ 2.82 ಆಂಗ್‌ಸ್ಟ್ರಾಂ ಇದ್ದ ಅಂತರ ಒಂಟಿ ಅಣುವಿನಲ್ಲಿ 2.36ಕ್ಕೆ ಇಳಿಯುತ್ತದೆ. ನೂಕಾಡುವ ನೆರೆಯವರು ಕಡಮೆಯಾದದ್ದು ಇದಕ್ಕೆ ಒಂದು ಕಾರಣ, ಕ್ಲೋರೈಡಿನ ಮೋಡ ಸೋಡಿಯಮ್ಮಿನತ್ತ ವಾಲಿ ಬಂಧ ಬಿಗಿದದ್ದು ಇನ್ನೊಂದು.

ವಾಲಿದೆಯೆಂಬುದಕ್ಕೆ ಸಾಕ್ಷಿ ಏನು? ವಿದ್ಯುದಂಶವನ್ನು ಅಂತರದಿಂದ ಗುಣಿಸಿದರೆ ಬರುವ ಬೆಲೆಯನ್ನು ದ್ವಿಧ್ರುವ ಭ್ರಾಮಕವೆನ್ನುತ್ತಾರೆ. ಅದರ ಮಾನ ಡಿಬೈ. ಅಯಾನುಗಳು ಗೋಲಿಗಳೇ ಆಗಿದ್ದರೆ ಸೋಡಿಯಂ ಕ್ಲೋರೈಡಿನ ಅಣುವಿಗೆ 11.3 ಡಿಬೈ ಬರಬೇಕು. ಅಳೆದಾಗ ಸಿಕ್ಕುವುದು 9.0. ಲಿಥಿಯಂ ಅಯೊಡೈಡನ್ನು ನೋಡಿರಿ: ಅಂತರ ಬಹುಮಟ್ಟಿಗೆ ಅಷ್ಟೇ, 2.39 ಆಂಗ್‌ಸ್ಟ್ರಾಂ, ಲೆಕ್ಕದಂತೆ 11.5 ಡಿಬೈ. ಅಳತೆಗೆ ಸಿಕ್ಕುವುದು 7.4 ಮಾತ್ರ! ಮೆದುವಾದ ಅಯೊಡೈಡಿನ ಮೋಡ ಪುಟ್ಟ ಲಿಥಿಯಮ್ಮಿನ ಕಡೆಗೆ ಅಷ್ಟು ಸರಿದಿದೆ. ಈ ವಾಲುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಇಂತಹ ಅಣುಗಳ ಬಂಧಶಕ್ತಿಯನ್ನು ಗುಣಿಸುವ ಕ್ರಮವನ್ನು ರಿಟ್ನರ್ 1951ರಲ್ಲಿ ಕೊಟ್ಟನು. ಕ್ವಾಂಟಂ ಲೆಕ್ಕಗಳು ಇಂದು ಅದಕ್ಕಿಂತ ನಿಖರವಾಗಿದ್ದರೂ ವಿದ್ಯಾರ್ಥಿಗೆ ಕಾರಣ ತಿಳಿಯುವುದು ಹಳೆಯ ಲೆಕ್ಕದಿಂದಲೇ ಎಂದು ನನ್ನ ಅಭಿಪ್ರಾಯ.

ಬಂಧ ಬಿಗಿಯುವುದಷ್ಟೇ ಅಲ್ಲ, ಆಕಾರವೂ ಬದಲಾಗುತ್ತದೆ. ಎರಡು ಜೋಡಿಗಳು ಕೂಡಿದಾಗ ಚೌಕವಾಗುವುದಿಲ್ಲ. ಕೊಬ್ಬರಿ ಮಿಠಾಯಿಯನ್ನು ಓರೆಯಾಗಿ ಕೊಯ್ದಂತಹ ವಜ್ರಾಕೃತಿಯಾಗುತ್ತದೆ. ದಪ್ಪನೆಯ ಕ್ಲೋರೈಡುಗಳು ಒಂದನ್ನೊಂದು ದೂರ ತಳ್ಳುತ್ತವೆ. ಅವುಗಳ ಮೋಡಗಳು ಒಳಮುಖವಾಗಿ ವಾಲಿ ಎರಡು ಸೋಡಿಯಂಗಳ ನಡುವೆ ಮರೆಯಂತೆ ನಿಲ್ಲುವುದರಿಂದ ಸೋಡಿಯಂಗಳು ಹತ್ತಿರ ಬರಬಲ್ಲವು.

ಇನ್ನೂ ಅಚ್ಚರಿಯದು ಬೇರಿಯಂ ಫ್ಲೋರೈಡಿನ ಅಣು. ಎರಡು ಋಣ ಅಯಾನುಗಳು ಪರಸ್ಪರ ದೂರವಿರಬೇಕಾದರೆ ಬೇರಿಯಮ್ಮಿನ ಎರಡು ಕಡೆ ನೇರ ಸಾಲಿನಲ್ಲಿ ನಿಲ್ಲಬೇಕು. ಆದರೆ 1963ರಲ್ಲಿ ಹಾರ್ವರ್ಡಿನ ಕ್ಲೆಂಪರರ್ ಮತ್ತು ಸಂಗಡಿಗರು ವಿದ್ಯುತ್ ಕ್ಷೇತ್ರದಲ್ಲಿ ಈ ಅಣುಗಳ ಧಾರೆಯನ್ನು ಹಾಯಿಸಿ ಅದು ಬಾಗಿದ ಅಣುವೆಂದು ತೋರಿಸಿದರು. ಇಲ್ಲಿ ಮೆದುವಾದದ್ದು ಧನ ಅಯಾನು. ಫ್ಲೋರೈಡುಗಳೆರಡೂ ಒಂದೇ ಮಗ್ಗುಲಿಗೆ ಬಂದರೆ ಬೇರಿಯಮ್ಮಿನ ಮೋಡ ಆಚೆಗೆ ಸರಿದು ಶಕ್ತಿ ಉಳಿಯುತ್ತದೆ. ಬೇರಿಯಮ್ಮಿನ ಖಾಲಿ ಕಕ್ಷೆಗಳಿಗೂ ಇದರಲ್ಲಿ ಪಾಲುಂಟೆಂದು ವಾದಿಸುವವರಿದ್ದಾರೆ. ನಮ್ಮ ಮರಿಗೆಯ ಮೆಗ್ನೀಸಿಯಂ ಕ್ಲೋರೈಡು ಆವಿಯಲ್ಲಿ ನೇರ ಸಾಲೇ. ಮೆಗ್ನೀಸಿಯಂ ಅಯಾನು ಇತರರನ್ನು ಬಾಗಿಸೀತು, ತಾನು ಬಾಗದು.

ಗೊಂಚಲು ಬೆಳೆದಂತೆ ಹರಳಿನ ಶಿಸ್ತು ಮೆಲ್ಲನೆ ತಲೆಯೆತ್ತುತ್ತದೆ. ವಿದ್ಯುದಂಶವುಳ್ಳ ಗೊಂಚಲುಗಳನ್ನು ತೂಗಿ ಬೇರ್ಪಡಿಸಿದಾಗ 14 ಸೋಡಿಯಂ, 13 ಕ್ಲೋರೈಡುಗಳ ಗೊಂಚಲು ಎದ್ದು ಕಾಣುವಷ್ಟು ಹೇರಳವಾಗಿ ಸಿಕ್ಕುತ್ತದೆ. ಅದು ಅಂಚಿಗೆ ಮೂರರಂತೆ 27 ಅಯಾನುಗಳ ಪೂರ್ಣ ಘನ. ಅದರ ನಟ್ಟನಡುವಿನ ಒಂದು ಕ್ಲೋರೈಡಿಗೆ ಮಾತ್ರ ಹರಳಿನಲ್ಲಿರುವಂತೆ ಆರು ನೆರೆಯವರು. ಅಂಚುಗಳ ಮೇಲಿನ ಉಳಿದ 12 ಕ್ಲೋರೈಡುಗಳಿಗೆ ನಾಲ್ವರೇ. ಅವುಗಳ ಮೋಡ ಇನ್ನೂ ಒಳಕ್ಕೆ ವಾಲಿಕೊಂಡೇ ಇದೆ.